ಜಿಂಕೆ ಕೊಂಬು: ಗರಗಸ ಹಿಡಿಯುವ ಮೊದಲು ದಾರಿಗಳನ್ನು ತೂಗಿ ನೋಡೋಣ

ಬೇಟೆ ಮುಗಿದಿದೆ. ಮಾಂಸ ಪಾಲಾಗಿ ಫ್ರೀಜರ್ ಸೇರಿದೆ. ಶೆಡ್ಡಿನ ಮೂಲೆಯಲ್ಲಿ ತಲೆ ಮಾತ್ರ ಉಳಿದಿದೆ, ಕೊಂಬು ಸಮೇತ. ಈಗ ಏನು ಮಾಡೋದು? ಬೇಯಿಸಬೇಕಾ, ನೀರಲ್ಲಿ ಕೊಳೆಸಬೇಕಾ, ಮಣ್ಣಲ್ಲಿ ಹೂಳಬೇಕಾ? ಬುರುಡೆ ಪೂರ್ತಿ ಇಟ್ಟುಕೊಳ್ಳೋದಾ, ಕೊಂಬಷ್ಟೇ ಕೊಯ್ದುಕೊಳ್ಳೋದಾ? ವಾರ್ನಿಷ್ ಹೊಡೆಯಬೇಕಾ, ಹಾಗೇ ಬಿಡಬೇಕಾ? ಬೇಟೆಯ ಋತು ಮುಗಿಯುತ್ತಿದ್ದಂತೆ ನನ್ನನ್ನು ಕೇಳುವ ಪ್ರಶ್ನೆಗಳು ಇವೇ.

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಕೊನೆಗೆ ಆ ಕೊಂಬು ಎಲ್ಲಿರಬೇಕು? ಗೋಡೆಯ ಮೇಲಾ, ಚಾಕುವಿನ ಹಿಡಿಯಾಗಿ ಕೈಯಲ್ಲಾ, ನಾಯಿಯ ಬಾಯಲ್ಲಾ? ಇದು ಗೊತ್ತಾಗದೆ ಗರಗಸ ಹಿಡಿಯಬೇಡಿ, ಒಲೆಯನ್ನೂ ಹಚ್ಚಬೇಡಿ. ಕೊಯ್ದದ್ದು ಮತ್ತೆ ಕೂಡುವುದಿಲ್ಲ. ಬಿಳಿಚಿದ ಬಣ್ಣ ತಾನಾಗಿ ವಾಪಸ್ ಬರುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮಾಡುವ ತಪ್ಪೇ ಜಾಸ್ತಿ ಕಾಡುತ್ತದೆ.

ಅದಕ್ಕೂ ಮೊದಲು ಕಾನೂನಿನ ಮಾತು. ಇಲ್ಲಿ ಹೇಳಿದ್ದೆಲ್ಲ ಜಿಂಕೆ ಬೇಟೆಗೆ ಪರವಾನಗಿ ಸಿಗುವ ದೇಶಗಳಲ್ಲಿ ಇರುವವರಿಗೆ ಮಾತ್ರ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆಯೂ ಅಪರಾಧ, ಅನುಮತಿಯಿಲ್ಲದೆ ಕೊಂಬು ಇಟ್ಟುಕೊಳ್ಳುವುದೂ ಅಪರಾಧ. ಕಾಡಿನಲ್ಲಿ ಉದುರಿ ಬಿದ್ದ ಕೊಂಬೂ ಇದಕ್ಕೆ ಹೊರತಲ್ಲ. ಬೇರೆ ದೇಶದಿಂದ ಸೂಟ್‌ಕೇಸಿನಲ್ಲಿ ನೆನಪಿಗೆಂದು ತರುವ ಯೋಚನೆಯಿದ್ದರೆ ಅದನ್ನು ಬಿಟ್ಟುಬಿಡಿ.

ಕೊಂಬು ಅಂದರೆ ಯಾವ ಕೊಂಬು?

ಕನ್ನಡದಲ್ಲಿ ಹಸುವಿಗೂ ಕೊಂಬು, ಜಿಂಕೆಗೂ ಕೊಂಬು. ವಸ್ತು ಮಾತ್ರ ಪೂರ್ತಿ ಬೇರೆ. ಹಸು, ಮೇಕೆ, ಕೃಷ್ಣಮೃಗದ ಕೊಂಬಿನ ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನ ಜಾತಿಯ ಕವಚ. ಅದು ಪ್ರಾಣಿಯ ಜೊತೆ ಜೀವನಪೂರ್ತಿ ಬೆಳೆಯುತ್ತದೆ. ಕಡವೆ, ಚುಕ್ಕೆ ಜಿಂಕೆ, ಕೆಂಪು ಜಿಂಕೆ, ಬಿಳಿಬಾಲದ ಜಿಂಕೆಗಳ ಕವಲುಕೊಂಬು ಹಾಗಲ್ಲ. ಅದು ಅಪ್ಪಟ ಮೂಳೆ. ಪ್ರತಿ ವರ್ಷ ಉದುರುತ್ತದೆ, ಮತ್ತೆ ಹುಟ್ಟುತ್ತದೆ. ಕೃಷ್ಣಮೃಗವನ್ನೂ ನಾವು ಜಿಂಕೆ ಅಂತಲೇ ಕರೆಯುವುದರಿಂದ ಈ ಗೊಂದಲ ಸಹಜ. ಹಸುವಿನ ಕೊಂಬಿಗೆ ಹೇಳಿದ ಉಪಾಯ ಜಿಂಕೆಯ ಕೊಂಬಿಗೆ ನಡೆಯುವುದಿಲ್ಲ. ಅಲ್ಲಿ ಬಿಸಿ ಮಾಡಿ ಬಗ್ಗಿಸಬಹುದು, ಇಲ್ಲಿ ಅದು ಆಗದ ಕೆಲಸ.

ಬೆಳೆಯುವಾಗ ಕವಲುಕೊಂಬಿನ ಮೇಲೆ ಮಖಮಲ್ಲಿನಂಥ ಜೀವಂತ ಚರ್ಮ ಇರುತ್ತದೆ, ತುಂಬಾ ರಕ್ತನಾಳಗಳೂ ಇರುತ್ತವೆ. ಬೆಳವಣಿಗೆ ಮುಗಿದ ಮೇಲೆ ಚರ್ಮ ಒಣಗುತ್ತದೆ. ಗಂಡು ಅದನ್ನು ಗಿಡಮರಗಳಿಗೆ ಉಜ್ಜಿ ಕಳಚಿಕೊಳ್ಳುತ್ತದೆ. ಆಗ ತಾನೇ ಹೊರಬಂದ ಕೊಂಬಿಗೆ ಮೂಳೆಯದೇ ತಿಳಿ ಬಣ್ಣ. ನಾವು ಇಷ್ಟಪಡುವ ಕಂದು ಬಣ್ಣ ಆಮೇಲೆ ಬರುವುದು. ಅಂಟಿಕೊಂಡ ರಕ್ತ, ತೊಗಟೆಯ ರಸ, ಉಜ್ಜಾಟ ಎಲ್ಲ ಸೇರಿ ಅದನ್ನು ಕೊಡುತ್ತವೆ. ಅಂದರೆ ಆ ಬಣ್ಣ ಇರುವುದು ಮೇಲ್ಮೈಯಲ್ಲಿ ಮಾತ್ರ. ಬಿಸಿನೀರು, ಮೂಳೆ ಬೆಳ್ಳಗೆ ಮಾಡಲು ಬಳಸುವ ಪೆರಾಕ್ಸೈಡ್, ಬಿಸಿಲು ಈ ಮೂರೂ ಅದನ್ನು ಎಳೆದು ತೆಗೆಯುತ್ತವೆ. ಮುಂದೆ ನಾನು ಕೊಂಬಿಗೆ ನೀರು ತಾಗಬಾರದು ಅಂತ ಪದೇ ಪದೇ ಹೇಳುವುದಕ್ಕೆ ಇದೇ ಕಾರಣ.

ಅಡ್ಡಡ್ಡ ಕೊಯ್ದು ನೋಡಿದರೆ ಹೊರಗೆ ಗಟ್ಟಿ ದಂತದಂಥ ಪದರ ಕಾಣುತ್ತದೆ, ಒಳಗೆ ಬ್ರೆಡ್ಡಿನ ಹಾಗೆ ತೂತುತೂತಾದ ತಿರುಳು. ಮೊನೆಯ ಕಡೆ ಹೋದಂತೆ ತಿರುಳು ಕಮ್ಮಿ, ಗಟ್ಟಿ ಭಾಗ ಜಾಸ್ತಿ. ಕೈಕೆಲಸಕ್ಕೆ ಬಳಸುವವರು ಇದನ್ನು ಮರೆಯಬಾರದು.

ಯಾವುದರಿಂದ ಅಳೆಯಬೇಕು

ನಾನು ಪ್ರತಿ ದಾರಿಯನ್ನೂ ಐದು ಮಾತುಗಳಲ್ಲಿ ತೂಗುತ್ತೇನೆ. ಕೊನೆಯ ಬಳಕೆ ಏನು, ಕೊಂಬಿನ ಬಣ್ಣ ಉಳಿಯುತ್ತದಾ, ಎಷ್ಟು ದಿನ ಬೇಕು, ಎಷ್ಟು ವಾಸನೆ ಬರುತ್ತದೆ, ತಪ್ಪಾದರೆ ಸರಿಪಡಿಸಬಹುದಾ. ಹಣದ ಲೆಕ್ಕ ಇವುಗಳ ಹಿಂದೆಯೇ ಬರುತ್ತದೆ. ಸಾಮಾನ್ಯವಾಗಿ ಕಮ್ಮಿ ಖರ್ಚಿನ ದಾರಿ ಜಾಸ್ತಿ ಸಮಯ ಕೇಳುತ್ತದೆ, ಇಲ್ಲವೇ ಜಾಸ್ತಿ ವಾಸನೆ ಕೊಡುತ್ತದೆ.

ಆರನೆಯದು ಆರೋಗ್ಯ. ಅದು ಅಳತೆಗೋಲಲ್ಲ, ಷರತ್ತು. ಉತ್ತರ ಅಮೆರಿಕದಲ್ಲಿರುವವರು ಇದನ್ನು ಗಮನಿಸಲೇಬೇಕು. 1967ರಲ್ಲಿ ಕೊಲರಾಡೋದಲ್ಲಿ, ಬಂಧನದಲ್ಲಿದ್ದ ಜಿಂಕೆಗಳಲ್ಲಿ ಮೊದಲು ಕಂಡ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಕಾಯಿಲೆ ಈಗ ತುಂಬಾ ಕಡೆ ಹರಡಿದೆ. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನಿನಿಂದ ಬರುವ ಕಾಯಿಲೆ ಇದು. ಮಿದುಳು, ಬೆನ್ನುಹುರಿ, ಕಣ್ಣು, ದುಗ್ಧಗ್ರಂಥಿಗಳಲ್ಲಿ ಅದು ಜಾಸ್ತಿ ಸೇರಿರುತ್ತದೆ. ಬೇಯಿಸಿದರೆ ಸಾಯುವಂಥದ್ದಲ್ಲ. ಮನುಷ್ಯರಿಗೆ ಹರಡಿದ್ದು ಇಲ್ಲಿಯವರೆಗೆ ಖಚಿತವಾಗಿಲ್ಲ, ಆದರೂ ಎಚ್ಚರ ಬಿಡಬಾರದು. ಕೈಗವಸು ಹಾಕಿ. ಬುರುಡೆ ಬೇಯಿಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು. ಕಾಯಿಲೆಯಿರುವ ಪ್ರದೇಶದಿಂದ ಇಡೀ ತಲೆಯನ್ನು ಹೊರಗೆ ಒಯ್ಯಲು ಹಲವು ರಾಜ್ಯಗಳು ಬಿಡುವುದಿಲ್ಲ. ಮಿದುಳು, ಮಾಂಸ ಪೂರ್ತಿ ತೆಗೆದ ಬುರುಡೆಯ ಮೇಲ್ಭಾಗ ಮತ್ತು ಕೊಂಬಿಗೆ ಮಾತ್ರ ಒಪ್ಪಿಗೆ. ಅಂಥ ಕಡೆ ನಿಮ್ಮ ಆಯ್ಕೆಯನ್ನು ನಿಯಮವೇ ಮಾಡಿಬಿಡುತ್ತದೆ.

ಎಲ್ಲಿ ಕೊಯ್ಯಬೇಕು

ಇಲ್ಲಿ ನಾಲ್ಕು ದಾರಿ.

ಕೊಂಬುಗಳನ್ನು ಒಂದೊಂದಾಗಿ ಕೊಯ್ದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಬುಡದಲ್ಲಿ ಮುತ್ತು ಪೋಣಿಸಿದಂತೆ ಉಬ್ಬಿದ ಉಂಗುರ ಕಾಣುತ್ತದೆ ಅಲ್ವಾ, ಅದರ ಕೆಳಗೆ ಗರಗಸ ಇಡಿ. ಉಂಗುರ ಕೊಂಬಿನ ಜೊತೆಯೇ ಬರಬೇಕು. ಚಾಕು ಹಿಡಿಗೆ, ಗುಂಡಿಗೆ, ಗೂಟಕ್ಕೆ ಬಳಸುವವರಿಗೆ ಇದು ಸಾಕು. ಮಾಂಸ ಅಂಟಿರುವುದಿಲ್ಲ, ವಾಸನೆ ಇಲ್ಲ, ಬೇಯಿಸುವ ಕೆಲಸವೂ ಇಲ್ಲ. ಆದರೆ ಒಮ್ಮೆ ಬೇರೆಯಾದ ಜೋಡಿಯನ್ನು ಮೊದಲಿದ್ದ ಕೋನಕ್ಕೆ ಕೂರಿಸುವುದು ಕಷ್ಟ. ಮುಂದೆ ಗೋಡೆಗೆ ಬೇಕು ಅನ್ನಿಸಿದರೆ ಪಶ್ಚಾತ್ತಾಪ ಖಂಡಿತ.

ಬುರುಡೆಯ ಟೋಪಿ, ಅಂದರೆ ಎರಡೂ ಕೊಂಬನ್ನು ಹಿಡಿದುಕೊಂಡಿರುವ ನೆತ್ತಿಯ ಮೂಳೆ, ಎರಡನೆಯ ದಾರಿ. ಚರ್ಮ ಬಿಡಿಸಿ, ಕಣ್ಣುಗುಳಿಯ ನಡುವಿನಿಂದ ಬುರುಡೆಯ ಹಿಂಭಾಗದವರೆಗೆ ಒಂದೇ ಗೆರೆಯಲ್ಲಿ ಕೊಯ್ಯಬೇಕು. ತೀರಾ ಮೇಲೆ ಕೊಯ್ದರೆ ಮೂಳೆ ತೆಳುವಾಗಿ ಕೊಂಬಿನ ಭಾರಕ್ಕೆ ಬಿರುಕು ಬಿಡುತ್ತದೆ. ಸ್ವಲ್ಪ ಕೆಳಗೇ ಇರಲಿ, ಆಮೇಲೆ ಅರದಿಂದ ಉಜ್ಜಿ ಸಮ ಮಾಡಬಹುದು. ಮಾಂಸ, ಮಿದುಳು ಕೆರೆದು ತೆಗೆದು ಬೋರಾಕ್ಸ್ ಪುಡಿ ಉದುರಿಸಿ ಗಾಳಿಯಲ್ಲಿ ಒಣಗಿಸಿದರೆ ಮುಗಿಯಿತು. ಆಮೇಲೆ ಮರದ ಹಲಗೆಗೆ ಸ್ಕ್ರೂ ಹಾಕಿ, ಮೂಳೆ ಕಾಣದಂತೆ ಬಟ್ಟೆಯನ್ನೋ ತೊಗಲನ್ನೋ ಹೊದಿಸುತ್ತಾರೆ. ಖರ್ಚು ಕಮ್ಮಿ, ಜಾಗ ಕಮ್ಮಿ, ಕೊಂಬಿನ ಬಣ್ಣಕ್ಕೆ ಅಪಾಯವೇ ಇಲ್ಲ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮೂರನೆಯದು ಪೂರ್ತಿ ಬುರುಡೆ. ಯುರೋಪಿಯನ್ ಮೌಂಟ್ ಅಂತ ಕರೆಯುವುದು ಇದನ್ನೇ. ಬಿಳಿ ಬುರುಡೆ, ಕಂದು ಕೊಂಬು. ನನ್ನ ಕಣ್ಣಿಗೆ ಇದರಷ್ಟು ಚಂದದ್ದು ಬೇರೊಂದಿಲ್ಲ. ಪ್ರಾಣಿಯ ವಯಸ್ಸು, ಹಲ್ಲಿನ ಸವೆತ, ಮೂಗಿನ ಮೂಳೆಯ ಸೂಕ್ಷ್ಮ ಎಲ್ಲ ಹಾಗೇ ಉಳಿಯುತ್ತದೆ. ಕೆಲಸ ಮಾತ್ರ ಜಾಸ್ತಿ.

ನಾಲ್ಕನೆಯದು ಚರ್ಮ ಸಮೇತ ತಲೆ ಮತ್ತು ಭುಜ. ಇದು ಟ್ಯಾಕ್ಸಿಡರ್ಮಿ, ಅಂದರೆ ಪ್ರಾಣಿಯ ಚರ್ಮ ಹದ ಮಾಡಿ ಜೀವಂತದಂತೆ ನಿಲ್ಲಿಸುವ ವಿದ್ಯೆ, ಬಲ್ಲವರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಎಲ್ಲಕ್ಕಿಂತ ದುಬಾರಿ, ತಿಂಗಳುಗಟ್ಟಲೆ ಕಾಯಬೇಕು. ಈ ಆಸೆಯಿದ್ದರೆ ತೀರ್ಮಾನ ಕಾಡಿನಲ್ಲೇ ಆಗಬೇಕು. ಕುತ್ತಿಗೆಯನ್ನು ಕೆಳಗಿನಿಂದ ಸೀಳಬಾರದು. ಚರ್ಮವನ್ನು ಭುಜದ ಹಿಂದಿನಿಂದ ಬಿಡಿಸಬೇಕು, ಬೇಗ ತಣ್ಣಗೆ ಮಾಡಬೇಕು. ತಡವಾದರೆ ಕೂದಲು ಉದುರುತ್ತದೆ.

ಕೊಂಬನ್ನು ಅಧಿಕೃತವಾಗಿ ಅಳೆಸಬೇಕು ಅನ್ನುವವರು ಎರಡನೆಯದು ಅಥವಾ ಮೂರನೆಯದನ್ನು ಆರಿಸಿಕೊಳ್ಳಿ. 1887ರಲ್ಲಿ ಶುರುವಾದ, ಕೊಂಬುಗಳ ಅಳತೆಯ ದಾಖಲೆ ಇಡುವ ಅಮೆರಿಕದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ಬಿನ ನಿಯಮದಲ್ಲಿ ಬುರುಡೆ ಸೀಳಿದ್ದರೆ ದಾಖಲೆಗೆ ಸೇರಿಸುವುದಿಲ್ಲ. ಸಹಜ ಹವೆಯಲ್ಲಿ 60 ದಿನ ಒಣಗಿದ ಮೇಲೇ ಅಳತೆ. ಕೊಂಬು ಒಣಗುತ್ತಾ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ಈ ಕಾಯುವಿಕೆ.

ಬುರುಡೆ ಶುಚಿ ಮಾಡುವ ದಾರಿಗಳು

ಕೊಂಬನ್ನೋ ಟೋಪಿಯನ್ನೋ ಮಾತ್ರ ಇಟ್ಟುಕೊಂಡವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಒದ್ದೆ ಬಟ್ಟೆ, ಸ್ವಲ್ಪ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್, ಕೊಂಬಿಗೆ ಅಷ್ಟು ಸಾಕು. ತಂತಿ ಬ್ರಷ್ ಬೇಡ, ಗೀರು ಬೀಳುತ್ತದೆ, ಬಣ್ಣವೂ ಹೋಗುತ್ತದೆ.

ಪೂರ್ತಿ ಬುರುಡೆಗೆ ಎಲ್ಲರೂ ಮೊದಲು ಯೋಚಿಸುವುದು ಬೇಯಿಸುವುದನ್ನು. ಬೇಯಿಸುವುದು ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ನೀರು ಕುದಿಯಬಾರದು. ಸಣ್ಣ ಉರಿಯಲ್ಲಿ, ಪಾತ್ರೆಯ ಅಂಚಿನಲ್ಲಿ ಪುಟ್ಟ ಗುಳ್ಳೆ ಏಳುವಷ್ಟು ಬಿಸಿ ಸಾಕು. ಕೊತಕೊತ ಕುದಿಸಿದರೆ ಮೂಗಿನ ತೆಳು ಮೂಳೆಗಳು ಬಿಟ್ಟುಕೊಳ್ಳುತ್ತವೆ, ಹಲ್ಲು ಉದುರುತ್ತವೆ, ಕೊಬ್ಬು ಕರಗಿ ಮೂಳೆಯ ಒಳಗೇ ಇಂಗುತ್ತದೆ. ಇಂಗಿದ ಕೊಬ್ಬು ವರ್ಷದ ಮೇಲೆ ಹಳದಿ ಕಲೆಯಾಗಿ ಹೊರಬರುತ್ತದೆ.

ಮೊದಲು ಚರ್ಮ, ಕಣ್ಣು, ನಾಲಿಗೆ, ದೊಡ್ಡ ಮಾಂಸ ಎಲ್ಲ ಚಾಕುವಿನಿಂದ ತೆಗೆಯಿರಿ. ಕೆಳದವಡೆ ಬಿಡಿಸಿ. ನೀರಿಗೆ ವಾಷಿಂಗ್ ಸೋಡಾ ಸ್ವಲ್ಪ, ಪಾತ್ರೆ ತೊಳೆಯುವ ದ್ರಾವಣ ಸ್ವಲ್ಪ ಹಾಕಿ. ಅರ್ಧ ಗಂಟೆಗೊಮ್ಮೆ ಹೊರಗೆ ತೆಗೆದು ಮೆತ್ತಗಾದ ಮಾಂಸವನ್ನು ಕೆರೆಯಿರಿ, ನೀರು ಬದಲಿಸಿ, ಮತ್ತೆ ಇಳಿಸಿ. ಎರಡರಿಂದ ನಾಲ್ಕು ಗಂಟೆಯ ಕೆಲಸ. ಮಿದುಳನ್ನು ಹಿಂದಿನ ತೂತಿನಿಂದ ಬಾಗಿಸಿದ ತಂತಿ ಹಾಕಿ ಕಲಕಿ, ನೀರು ಪೈಪಿನಿಂದ ತೊಳೆದು ತೆಗೆಯಬೇಕು. ನೀರು ಜೋರಾಗಿ ಬಿಟ್ಟರೆ ಮುಖಕ್ಕೆ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಕೊಂಬಿನ ವಿಚಾರ ಈಗ. ನಾನು ಮೊದಲ ಬುರುಡೆ ಬೇಯಿಸಿದಾಗ ಕೊಂಬು ನೀರಿಗೆ ಇಳಿಯದಂತೆ ಕೋಲು ಅಡ್ಡ ಕೊಟ್ಟಿದ್ದೆ. ಅಷ್ಟೇ ಸಾಕು ಅಂದುಕೊಂಡೆ. ಬುಡಕ್ಕೆ ಏನೂ ಸುತ್ತಿರಲಿಲ್ಲ. ಮೂರು ಗಂಟೆ ಆವಿ ಬಡಿಯಿತು, ಜಿಡ್ಡಿನ ನೊರೆ ಎದ್ದು ಎದ್ದು ತಾಗಿತು. ಹೊರಗೆ ತೆಗೆದು ಒಣಗಿಸಿದಾಗ ಬುಡದ ಉಂಗುರದ ಸುತ್ತ ಬೆರಳಗಲ ಬಿಳಿ ಪಟ್ಟಿ. ಅದರ ಮೇಲೆ ಕಂದು, ಕೆಳಗೆ ಕೊಳಕು ಬೂದಿ. ಅತ್ಯಂತ ಗಾಢ ಬಣ್ಣ ಇರುವುದೇ ಆ ಉಂಗುರದ ಸಂದುಗಳಲ್ಲಿ. ಅದೇ ಹೋಗಿತ್ತು. ಆವತ್ತಿನಿಂದ ಪ್ಲಾಸ್ಟಿಕ್ ಹಾಳೆಯನ್ನು ಬುಡಕ್ಕೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಅಂಚಿಗೆ ಟೇಪ್ ಹಾಕದೆ ಒಲೆ ಹಚ್ಚುವುದಿಲ್ಲ. ನೀರಿನ ಮಟ್ಟ ಉಂಗುರಕ್ಕಿಂತ ಎರಡು ಬೆರಳು ಕೆಳಗೇ ಇರಬೇಕು. ಮೇಲೆ ಉಳಿದ ನೆತ್ತಿಗೆ ಸೌಟಿನಿಂದ ಬಿಸಿನೀರು ಹನಿಸಿದರೆ ಸಾಕು.

ಎರಡನೆಯದು ಕೊಳೆಸುವುದು. ಒಂದು ಬಕೆಟ್, ಬರೀ ನೀರು, ಮುಚ್ಚಳ. ಬ್ಯಾಕ್ಟೀರಿಯಾಗಳೇ ಮಾಂಸ ತಿಂದು ಮುಗಿಸುತ್ತವೆ. ನೀರು ಬೆಚ್ಚಗಿದ್ದರೆ, ಸುಮಾರು 30 ಡಿಗ್ರಿ, ಬೇಗ ಆಗುತ್ತದೆ. ಇದಕ್ಕೆ ಮೀನಿನ ತೊಟ್ಟಿಯ ಹೀಟರ್ ಬಳಸುವವರಿದ್ದಾರೆ. ಬಿಸಿ ಇಲ್ಲದಿದ್ದರೆ ತಿಂಗಳು, ಚಳಿಯಲ್ಲಿ ಅದಕ್ಕೂ ಜಾಸ್ತಿ. ನೀರು ಬದಲಿಸುವಾಗ ಸ್ವಲ್ಪ ಹಳೆಯ ನೀರು ಉಳಿಸಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಮತ್ತೆ ಮೊದಲಿನಿಂದ ಬೆಳೆಯಬೇಕು. ಮೂಳೆಗೆ ಇದರಷ್ಟು ಮೃದುವಾದ ದಾರಿ ಮನೆಯಲ್ಲಿ ಬೇರೆ ಇಲ್ಲ. ಮೂಗಿನೊಳಗಿನ ಕಾಗದದಂಥ ಸುರುಳಿ ಮೂಳೆಯೂ ಉಳಿಯುತ್ತದೆ. ಹಲ್ಲುಗಳು ಸಡಿಲವಾಗಿ ತಳಕ್ಕೆ ಬಿದ್ದಿರುತ್ತವೆ, ನೀರು ಚೆಲ್ಲುವಾಗ ಜರಡಿ ಹಿಡಿಯಿರಿ. ವಾಸನೆ ಮಾತ್ರ ಹೇಳತೀರದು. ಬಟ್ಟೆಗೆ, ಕೂದಲಿಗೆ ಹತ್ತುತ್ತದೆ. ಅಕ್ಕಪಕ್ಕ ಮನೆಗಳಿದ್ದರೆ ಈ ದಾರಿ ಬೇಡ. ಇಲ್ಲೂ ಕೊಂಬು ನೀರಿನ ಹೊರಗೇ ಇರಬೇಕು.

ಮೂರನೆಯದು ಡರ್ಮೆಸ್ಟಿಡ್ ದುಂಬಿಗಳು. ವಸ್ತುಸಂಗ್ರಹಾಲಯಗಳು ಬಳಸುವುದು ಇವನ್ನೇ. ಒಣಗಿದ ಮಾಂಸವನ್ನು ಇವುಗಳ ಮರಿಹುಳುಗಳು ಮೂಳೆಗೆ ನೋವಾಗದಂತೆ ತಿನ್ನುತ್ತವೆ. ನೀರಿಲ್ಲ, ಬಿಸಿಯಿಲ್ಲ, ಕೊಂಬಿನ ಬಣ್ಣ ಹೋಗುವ ಪ್ರಶ್ನೆಯೇ ಇಲ್ಲ. ಒಳ್ಳೆಯ ದೊಡ್ಡ ಗುಂಪಿದ್ದರೆ ಕೆಲವೇ ದಿನಗಳ ಕೆಲಸ. ಆದರೆ ವರ್ಷಕ್ಕೆ ಒಂದು ತಲೆಗೋಸ್ಕರ ಸಾಕುವುದು ಅರ್ಥವಿಲ್ಲ. ಅವಕ್ಕೆ ಬೆಚ್ಚನೆ ಜಾಗ ಬೇಕು, ಸದಾ ಆಹಾರ ಬೇಕು. ತಪ್ಪಿಸಿಕೊಂಡರೆ ಮನೆಯ ಚರ್ಮ, ಉಣ್ಣೆ ಎಲ್ಲ ಅವುಗಳ ಪಾಲು. ಈ ಸೇವೆ ಮಾಡಿಕೊಡುವವರು ಹತ್ತಿರದಲ್ಲಿದ್ದರೆ ಅವರಿಗೆ ಕೊಡಿ. ಚರ್ಮ ಸಮೇತ ತಲೆ ಮಾಡಿಸುವುದಕ್ಕಿಂತ ತುಂಬಾ ಕಮ್ಮಿಗೆ ಮುಗಿಯುತ್ತದೆ. ಕೈಗೆ ಬಂದ ಮೇಲೆ ಉಳಿದ ಮೊಟ್ಟೆ ಸಾಯಲು ಕೆಲವು ದಿನ ಫ್ರೀಜರಿನಲ್ಲಿ ಇಟ್ಟಿದ್ದಾರಾ ಅಂತ ಕೇಳಿ.

ಮಣ್ಣಲ್ಲಿ ಹೂಳುವುದು ಪುಕ್ಕಟೆ, ಅದೊಂದೇ ಅದರ ಗುಣ. ಮಣ್ಣಿನ ಕಲೆ ಮೂಳೆಗೆ ಇಳಿಯುತ್ತದೆ, ಸಣ್ಣ ಹಲ್ಲು ಕಳೆದುಹೋಗುತ್ತವೆ, ಕೊಂಬನ್ನು ಹೊರಗೆ ಬಿಟ್ಟರೆ ಇಲಿ ಅಳಿಲು ಕಡಿಯುತ್ತವೆ. ಕೊಂಬಿನಲ್ಲಿರುವ ಕ್ಯಾಲ್ಸಿಯಂ, ರಂಜಕ ಅವುಗಳಿಗೆ ಬೇಕು. ಕಾಡಿನಲ್ಲಿ ಉದುರಿದ ಕೊಂಬು ಬಹುಕಾಲ ಉಳಿಯದಿರುವುದಕ್ಕೆ ಇದೂ ಕಾರಣ. ನಾನಂತೂ ಹೂಳುವುದಿಲ್ಲ.

ಜಿಡ್ಡು ತೆಗೆಯುವುದು, ಬೆಳ್ಳಗೆ ಮಾಡುವುದು

ಇವೆರಡು ಬೇರೆ ಬೇರೆ ಕೆಲಸ. ಹೆಚ್ಚಿನವರು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರುತ್ತಾರೆ. ಜಿಡ್ಡು ಹೋಗದ ಬುರುಡೆ ಎಷ್ಟೇ ಬಿಳಿಯಾದರೂ ಮತ್ತೆ ಹಳದಿಯಾಗುತ್ತದೆ. ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಬೆಚ್ಚನೆಯ ನೀರಲ್ಲಿ ಬುರುಡೆ ಇಡಿ, ನೀರು ಮಂಕಾದಾಗ ಬದಲಿಸಿ. ಜಿಂಕೆಯ ಬುರುಡೆಯಲ್ಲಿ ಹಂದಿಯಷ್ಟು ಕೊಬ್ಬು ಇರುವುದಿಲ್ಲ. ಆದರೂ ಒಂದೆರಡು ವಾರ ಕೊಡಿ.

ಬೆಳ್ಳಗೆ ಮಾಡಲು ಬಟ್ಟೆಯ ಬ್ಲೀಚ್ ಬಳಸಬೇಡಿ. ಕ್ಲೋರಿನ್ ಮೂಳೆಯನ್ನು ತಿನ್ನುತ್ತದೆ. ಇವತ್ತು ಬೆಳ್ಳಗೆ ಕಂಡದ್ದು ಕೆಲವು ವರ್ಷದಲ್ಲಿ ಸುಣ್ಣದ ಹಾಗೆ ಉದುರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ. ಔಷಧಿ ಅಂಗಡಿಯ 3 ಶೇಕಡಾ ದ್ರಾವಣದಲ್ಲಿ ಒಂದು ದಿನ ನೆನೆಸುವುದು ಒಂದು ಬಗೆ. ಕೂದಲಿಗೆ ಬಳಸುವ 40 ವಾಲ್ಯೂಮ್ ಕ್ರೀಮ್, ಅಂದರೆ ಸುಮಾರು 12 ಶೇಕಡಾ, ಬ್ರಷ್ಷಿನಿಂದ ಹಚ್ಚಿ ಪ್ಲಾಸ್ಟಿಕ್ ಹಾಳೆ ಹೊದಿಸುವುದು ಇನ್ನೊಂದು. ಕೊಂಬಿರುವ ಬುರುಡೆಗೆ ಕ್ರೀಮೇ ವಾಸಿ, ಅದು ಹರಿಯುವುದಿಲ್ಲ, ಉಂಗುರದ ಅಂಚಿನವರೆಗೆ ಹುಷಾರಾಗಿ ಹಚ್ಚಬಹುದು. ಕೈಗವಸು ಇರಲೇಬೇಕು, ಚರ್ಮ ಸುಡುತ್ತದೆ. ಪೆರಾಕ್ಸೈಡ್ ಇರುವ ಡಬ್ಬವನ್ನು ಗಾಳಿಯಾಡದಂತೆ ಮುಚ್ಚಬೇಡಿ, ಅನಿಲ ತುಂಬಿ ಸಿಡಿಯಬಹುದು. ತೀರಾ ಬೆಳ್ಳಗೆ ಬೇಡ ಅನ್ನುವವರು ಈ ಹಂತವನ್ನೇ ಬಿಡಬಹುದು. ಕೆನೆಬಣ್ಣದ ಮೂಳೆ ಕಂದು ಕೊಂಬಿನ ಜೊತೆ ಚೆನ್ನಾಗೇ ಕಾಣುತ್ತದೆ.

ಮೇಲ್ಲೇಪ: ಹಚ್ಚಬೇಕಾ, ಬೇಡ್ವಾ?

ಒಣ ಜಾಗದಲ್ಲಿ, ನೇರ ಬಿಸಿಲು ಬೀಳದ ಗೋಡೆಯಲ್ಲಿ ಇರುವ ಕೊಂಬಿಗೆ ಏನೂ ಬೇಕಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ವರ್ಷಕ್ಕೊಮ್ಮೆ ಧೂಳು ಒರೆಸಿ, ಅಷ್ಟೇ. ಸ್ವಲ್ಪ ಜೀವಕಳೆ ಬೇಕು ಅನ್ನಿಸಿದರೆ ಜೇನುಮೇಣದ ಪೇಸ್ಟ್ ತೆಳುವಾಗಿ ಹಚ್ಚಿ ಬಟ್ಟೆಯಿಂದ ಉಜ್ಜಿ. ಬೇಡವಾದರೆ ತೆಗೆಯಲೂ ಬರುತ್ತದೆ.

ಅಗಸೆ ಎಣ್ಣೆ ಬಣ್ಣವನ್ನು ಗಾಢ ಮಾಡುತ್ತದೆ, ಆದರೆ ಒಳಗೆ ಇಳಿದದ್ದು ಮತ್ತೆ ಬರುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ವಾರ್ನಿಷ್ ಹೊರಗೆ ಮಳೆ ಗಾಳಿಯಲ್ಲಿ ಇಡುವವರಿಗೆ ಮಾತ್ರ, ಅದೂ ಹೊಳಪಿಲ್ಲದ ಬಗೆಯದು. ಹೊಳೆಯುವ ವಾರ್ನಿಷ್ ಹೊಡೆದ ಕೊಂಬು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ.

ಬಣ್ಣ ಕಳೆದುಕೊಂಡ ಹಳೆಯ ಕೊಂಬಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಇದೆ. ನೀರಲ್ಲಿ ಕದಡಿದಾಗ ನೇರಳೆ, ಹಚ್ಚಿದ ಸ್ವಲ್ಪ ಹೊತ್ತಿಗೆ ಕಂದು. ತೆಳುವಾದ ದ್ರಾವಣವನ್ನು ಎರಡು ಮೂರು ಸಲ ಹಚ್ಚಿ, ಒಣಗಿದ ಮೇಲೆ ಉಬ್ಬುಗಳನ್ನು ಮಾತ್ರ ಸಣ್ಣ ಉಪ್ಪುಕಾಗದದಿಂದ ಉಜ್ಜಿ. ಸಂದು ಗಾಢವಾಗಿಯೂ ಉಬ್ಬು ತಿಳಿಯಾಗಿಯೂ ಉಳಿದರೆ ಸಹಜವಾಗಿ ಕಾಣುತ್ತದೆ. ನನ್ನ ಆ ಬಿಳಿ ಪಟ್ಟಿಯನ್ನು ಹೀಗೇ ಮುಚ್ಚಿದೆ. ದೂರದಿಂದ ಗೊತ್ತಾಗುವುದಿಲ್ಲ. ಹತ್ತಿರ ಹೋದರೆ ನನಗೆ ಗೊತ್ತಾಗುತ್ತದೆ.

ಮಖಮಲ್ಲು ಇನ್ನೂ ಇರುವ ಕೊಂಬು ಸಿಕ್ಕಿದರೆ ಲೆಕ್ಕವೇ ಬೇರೆ. ಅದು ಹಸಿ ಮಾಂಸವಿದ್ದಂತೆ, ಕೊಳೆಯುತ್ತದೆ. ಚರ್ಮ ಉಳಿಸಬೇಕೆಂದರೆ ತಕ್ಷಣ ಫ್ರೀಜರಿನಲ್ಲಿಟ್ಟು ಬಲ್ಲವರಿಗೆ ಕೊಡಿ. ಫಾರ್ಮಾಲಿನ್ ಚುಚ್ಚುವ ಕೆಲಸ ಮನೆಯದ್ದಲ್ಲ. ಉಳಿಸುವುದು ಬೇಡವಾದರೆ ಸುಲಿದುಬಿಡಿ, ಬಿಳಿ ಕೊಂಬಿಗೆ ಬಣ್ಣ ಕೊಡಿ.

ಗೋಡೆ ಬಿಟ್ಟು ಬೇರೆ ಬಳಕೆ

ಜಿಂಕೆ ಕೊಂಬು ಮೂಳೆಯಾದರೂ ಕಾಲಿನ ಮೂಳೆಗಿಂತ ಅದರಲ್ಲಿ ಖನಿಜಾಂಶ ಕಮ್ಮಿ, ನಾರಿನ ಅಂಶ ಜಾಸ್ತಿ. ಅದಕ್ಕೇ ಹೊಡೆತ ತಾಳುತ್ತದೆ. ಇಂಗ್ಲೆಂಡಿನ ಗ್ರೈಮ್ಸ್ ಗ್ರೇವ್ಸ್‌ನಲ್ಲಿ ನವಶಿಲಾಯುಗದ ಜನ ಕೆಂಪು ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು ಸುಣ್ಣಕಲ್ಲು ಅಗೆದು ಚಕಮಕಿ ಕಲ್ಲು ತೆಗೆದರು. ಸ್ಟೋನ್‌ಹೆಂಜ್‌ನ ಹಳ್ಳ ತೋಡಿದ್ದೂ ಇಂಥ ಗುದ್ದಲಿಗಳಿಂದಲೇ.

ಚಾಕುವಿನ ಹಿಡಿಗೆ ಒಂದು ಕಾಲದಲ್ಲಿ ಎಲ್ಲ ದೇಶದವರೂ ಬಯಸಿದ್ದು ಕಡವೆಯ ಕೊಂಬನ್ನು. ಗಟ್ಟಿ ಪದರ ದಪ್ಪ, ತಿರುಳು ಕಮ್ಮಿ, ಮೇಲ್ಮೈ ಒರಟು, ಕೈ ಜಾರುವುದಿಲ್ಲ. ಭಾರತ ರಫ್ತು ನಿಲ್ಲಿಸಿದ ಮೇಲೆ ಅದು ಅಪರೂಪವಾಯಿತು. ಬಿಳಿಬಾಲದ ಜಿಂಕೆ, ಉತ್ತರ ಅಮೆರಿಕದ ದೊಡ್ಡ ಜಿಂಕೆ ಎಲ್ಕ್‌ಗಳ ಕೊಂಬಿನಲ್ಲಿ ತಿರುಳು ಜಾಸ್ತಿ. ಅದನ್ನು ಹಿಡಿ ಮಾಡುವವರು ಕನಿಷ್ಠ ಕೆಲವು ತಿಂಗಳು ಒಣಗಿಸಿ, ತಿರುಳಿನೊಳಗೆ ತೆಳು ಎಪಾಕ್ಸಿ ಇಳಿಸಿ ಗಟ್ಟಿ ಮಾಡಬೇಕು. ಸಣ್ಣ ಚಾಕುವಿಗೆ ಮೊನೆಯ ಕವಲು ಸಾಕು, ಅದು ಹೆಚ್ಚೂಕಮ್ಮಿ ಪೂರ್ತಿ ಗಟ್ಟಿ. ಹಸಿ ಕೊಂಬಿಗೆ ಅಲಗು ಕೂರಿಸಿದರೆ ಕುಗ್ಗಿ ಸಡಿಲವಾಗುತ್ತದೆ.

ಗುಂಡಿ ಮಾಡುವುದು ಹೊಸಬರಿಗೆ ಒಳ್ಳೆಯ ಶುರುವಾತು. ಕವಲನ್ನು ಅಡ್ಡಡ್ಡ ಬಿಲ್ಲೆಯಾಗಿ ಕೊಯ್ದು, ಎರಡು ತೂತು ಕೊರೆದು, ಉಜ್ಜಿದರೆ ಆಯಿತು. ಕೊಂಬನ್ನು ಕೆಲವು ದಿನ ನೀರಲ್ಲಿ ನೆನೆಸಿದರೆ ಕೊಯ್ಯುವುದು ಸಲೀಸು. ಯಾವ ಕೆಲಸಕ್ಕೂ ಮಾಸ್ಕ್ ಇಲ್ಲದೆ ಗರಗಸ, ಮರಳುಚಕ್ರ ಹಿಡಿಯಬೇಡಿ. ಈ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೂದಲು ಸುಟ್ಟ ವಾಸನೆ ಬಂದರೆ ಯಂತ್ರದ ವೇಗ ಜಾಸ್ತಿಯಾಗಿದೆ ಅಂತ ಅರ್ಥ.

ದೀಪದ ಗೊಂಚಲು ಮಾಡಲು ಒಂದು ಜೋಡಿ ಸಾಲದು. ವೈರು ಹೋಗಲು ಒಳಗೆ ಕೊರೆಯಬೇಕು, ಭಾರ ತಡೆಯುವ ಸೂರು ಬೇಕು. ಒಂದೇ ಬೇಟೆಯ ಕೊಂಬಿದ್ದವರು ಕೋಟು, ಟೋಪಿ ತೂಗುಹಾಕುವ ಗೂಟ ಮಾಡಿಕೊಳ್ಳಲಿ.

ನಾಯಿಗೆ ಕಡಿಯಲು ಕೊಡುವುದು ಈಗ ತುಂಬಾ ರೂಢಿ. ಸುಲಭಕ್ಕೆ ಚೂರಾಗುವುದಿಲ್ಲ, ಬಹುದಿನ ಬರುತ್ತದೆ ನಿಜ. ಆದರೆ ಗಟ್ಟಿತನವೇ ಅದರ ಅಪಾಯ. ಜೋರಾಗಿ ಕಡಿಯುವ ನಾಯಿಗಳ ದೊಡ್ಡ ದವಡೆಹಲ್ಲು ಸೀಳುತ್ತದೆ ಅಂತ ಪಶುವೈದ್ಯರು ಎಚ್ಚರಿಸುತ್ತಾರೆ. ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಿದ್ದರೆ ಹಲ್ಲಿಗೆ ಒಳ್ಳೆಯದಲ್ಲ ಅನ್ನುವುದು ಅವರ ಸರಳ ಪರೀಕ್ಷೆ. ಕೊಂಬು ಅದರಲ್ಲಿ ಪಾಸಾಗುವುದಿಲ್ಲ. ಕೊಡಲೇಬೇಕಾದರೆ ಉದ್ದಕ್ಕೆ ಸೀಳಿ ತಿರುಳು ಕಾಣುವ ತುಂಡನ್ನು, ಮೆಲ್ಲಗೆ ಕಡಿಯುವ ನಾಯಿಗೆ, ನೀವು ಜೊತೆಗಿದ್ದಾಗ ಕೊಡಿ. ಪೆರಾಕ್ಸೈಡ್, ವಾರ್ನಿಷ್, ಬಣ್ಣ ತಾಗಿದ ಕೊಂಬನ್ನು ಕೊಡಲೇಬಾರದು. ನನ್ನ ನಾಯಿಗೆ ನಾನು ಕೊಡುವುದಿಲ್ಲ.

ಇನ್ನೂ ತೀರ್ಮಾನ ಆಗದಿದ್ದರೆ

ಸಮಯ ಕೊಂಡುಕೊಳ್ಳಿ. ಚರ್ಮ ಸಮೇತ ತಲೆ ಬೇಕಾ, ಬೇಡ್ವಾ ಅನ್ನುವುದನ್ನು ಮಾತ್ರ ಅವತ್ತೇ ನಿಶ್ಚಯಿಸಿ. ಬೇಡವಾದರೆ ಚರ್ಮ ಸುಲಿಯಿರಿ, ಕಣ್ಣು, ನಾಲಿಗೆ, ಕೆಳದವಡೆ ತೆಗೆಯಿರಿ. ಬುರುಡೆಗೆ ಎರಡು ಪದರ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ, ಊಟದ ಪದಾರ್ಥಗಳಿಂದ ದೂರ ಇಡಿ. ಮೊನೆ ಚೀಲ ಹರಿಯದಂತೆ ಪ್ರತಿ ಕವಲಿನ ತುದಿಗೂ ಬಟ್ಟೆ ಕಟ್ಟಿ. ಹಾಗಿಟ್ಟರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಚೀಲದ ಮೇಲೆ ಬೇಟೆಯ ದಿನಾಂಕ, ಪರವಾನಗಿ ಸಂಖ್ಯೆ ಬರೆದು ಅಂಟಿಸಿ. ಆಮೇಲೆ ಯಾರಿಗೆ ಕೊಟ್ಟರೂ ಮೊದಲು ಕೇಳುವುದು ಅದನ್ನೇ.